ಬರಿಗಾಳಿಯ ಘಾಟು

ನಮ್ಮ ಮನೆಗೆ ಬಂದ ಸೊಸೆಗೆ ಸೀನು ನಿಲ್ಲುವವರೆಗೆ ಹೋಳಿಗೆ ಇಲ್ಲ. ಇದು ನನ್ನ ಅತ್ತೆಯ ಅತ್ತೆ ಮಾಡಿಟ್ಟ ಪದ್ಧತಿ.

ಬ್ಯಾಡಗಿಯಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗೆ ಗಾಳಿಗೂ ಒಂದು ಬಣ್ಣವಿದೆಯೇನೋ ಅನ್ನಿಸುತ್ತದೆ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲ ಬಿಚ್ಚಿದರೆ ಬಸ್ ನಿಲ್ದಾಣದಲ್ಲಿ ಇಳಿದವರು ಸೀನುತ್ತಾರೆ. ಊರಿನವರು ಸೀನುವುದಿಲ್ಲ. ಸೀನಿದವರನ್ನು ನೋಡಿ ನಗುತ್ತಾರೆ ಅಷ್ಟೇ. ಕಿತ್ತೂರಿನಿಂದ ಮದುವೆಯಾಗಿ ಬಂದ ನಾನು ಆ ಸುಗ್ಗಿಯಿಡೀ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಅಡುಗೆ ಮಾಡಿದ್ದೆ. ಒಂದು ಬೆಳಿಗ್ಗೆ ಹಂಚಿನ ಮೇಲೆ ಮೆಣಸಿನಕಾಯಿ ಹುರಿಯುತ್ತ ಕೂತಿದ್ದಾಗ ಅತ್ತೆ ಗುರುಸಿದ್ದವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು.

"ಒಂದೂ ಸೀನಿಲ್ಲಲ್ಲ ಇವತ್ತ. ಊರಾಕಿ ಆದಿ ಬಿಡು ನೀ," ಎಂದವರೇ ಕಡಲೆಬೇಳೆಯನ್ನು ಒಲೆಗೆ ಏರಿಸಿದರು.

ಗಂಡನ ಮನೆ ನನ್ನದಾದದ್ದು ಆವತ್ತು.

ಉಸಿರುಗನ್ನಡಿ ಎಂಬ ಯಂತ್ರ ನಮ್ಮ ತಾಲ್ಲೂಕಿಗೆ ಬಂದದ್ದು ಮಗಳು ದಾನಿ ಹುಟ್ಟಿದ ವರ್ಷ. ಹೆಸರು ದಾನಮ್ಮ, ಗುಡ್ಡಾಪುರದ ದಾನಮ್ಮನ ಹೆಸರು, ಮನೆಯಲ್ಲಿ ದಾನಿ. ಹತ್ತು ವರ್ಷದೊಳಗಿನ ಪ್ರತಿ ಮಗುವೂ ತಿಂಗಳಿಗೊಮ್ಮೆ ಉಸಿರು ಕೇಂದ್ರಕ್ಕೆ ಬಂದು, ಮೂಗುಬಟ್ಟಲು ಹಾಕಿಕೊಂಡು, ಒಂದಿಷ್ಟು ಹೊತ್ತು ಉಸಿರಾಡಿ ಹೋಗಬೇಕು. ಸೂಜಿಯಿಲ್ಲ, ರಕ್ತವಿಲ್ಲ. ನಾಲ್ಕು ವರ್ಷ ಬಿಟ್ಟು ಬರಬಹುದಾದ ಕಾಯಿಲೆಯನ್ನು ಯಂತ್ರ ಇವತ್ತೇ ಹೇಳಿಬಿಡುತ್ತದೆ. ಅದು ಬಂದ ಮೇಲೆ ನಮ್ಮ ಕಡೆ ಮಕ್ಕಳ ಎದೆರೋಗ ಬಹಳ ಕಡಿಮೆಯಾಗಿತ್ತು. ಜನ ಅದನ್ನು ನಂಬಿದ್ದರು. ನಾನೂ ನಂಬಿದ್ದೆ.

ಅದು ಕೆಲಸ ಮಾಡುವ ಬಗೆ ಸರಳ. ಮಗು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಏನೂ ಇರಬಾರದು, ಸಾರಜನಕ ಮತ್ತು ಆಮ್ಲಜನಕ ಬಿಟ್ಟು. ಅದನ್ನು ನಾವು ಬರಿಗಾಳಿ ಎನ್ನುತ್ತೇವೆ. ಮಗು ಹೊರಬಿಟ್ಟ ಉಸಿರು ಕೂದಲಿನಷ್ಟು ಸಣ್ಣ, ಒಂದು ಓಣಿಯಷ್ಟು ಉದ್ದದ ಕೊಳವೆಯೊಳಗೆ ಹೋಗುತ್ತದೆ. ಕೊಳವೆಯನ್ನು ಚಕ್ಕುಲಿಯ ಹಾಗೆ ಸುತ್ತಿ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಹೈಡ್ರೋಜನ್ ಅದನ್ನು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಉಸಿರಿನಲ್ಲಿರುವ ಒಂದೊಂದು ಅಂಶವೂ ಒಂದೊಂದು ಹೊತ್ತಿಗೆ ಆಚೆ ತುದಿಯಲ್ಲಿ ಇಳಿಯುತ್ತದೆ. ಯಂತ್ರ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಹೋಲಿಸಿ ಗೆರೆ ಎಳೆಯುತ್ತದೆ. ಹೆಚ್ಚಿಗೆ ಬಂದರೆ ಗುಡ್ಡ, ಕಡಿಮೆ ಬಂದರೆ ಕುಳಿ. ಕೆಲವು ಕಾಯಿಲೆಗಳಲ್ಲಿ ಶ್ವಾಸಕೋಶವೇ ಗಾಳಿಯ ಅಂಶವನ್ನು ನುಂಗಿಬಿಡುವುದರಿಂದ ಯಂತ್ರ ಗುಡ್ಡಕ್ಕಿಂತ ಕುಳಿಗೆ ಹೆಚ್ಚು ಹೆದರುತ್ತದೆ.

ನಾನು ಕೆಲಸ ಮಾಡುವ ಉಸಿರು ಕೇಂದ್ರದಲ್ಲಿ ಈ ಗಾಳಿಗಳೆಲ್ಲ ನನ್ನ ಜವಾಬ್ದಾರಿ. ಯಾವುದಕ್ಕೆ ಯಾವ ಗಾಳಿ, ಎಷ್ಟು ಶುದ್ಧ, ಯಾವ ಪೈಪಿನಲ್ಲಿ ತರಬೇಕು ಎಂದು ನೋಡುವುದು. ಹೋಳಿಗೆಗೆ ತುಪ್ಪ, ಒಗ್ಗರಣೆಗೆ ಶೇಂಗಾ ಎಣ್ಣೆ, ದೀಪಕ್ಕೆ ಬೇರೆ, ಇದೂ ಹಾಗೆಯೇ. ನಮ್ಮಲ್ಲಿ ಐದೊಂಬತ್ತು ಎನ್ನುವ ಮಾತಿದೆ. ನೂರಕ್ಕೆ ತೊಂಬತ್ತೊಂಬತ್ತು, ಅದರ ಮುಂದೆ ಚುಕ್ಕಿ, ಮತ್ತೆ ಮೂರು ಒಂಬತ್ತು. ಅಷ್ಟು ಶುದ್ಧವಿಲ್ಲದ ಗಾಳಿಯನ್ನು ಯಂತ್ರದ ಹತ್ತಿರ ತರಬಾರದು.

ಮೊದಲು ತಳ್ಳುವ ಕೆಲಸಕ್ಕೆ ಹೀಲಿಯಂ ಇತ್ತು. ಜಗತ್ತಿನಲ್ಲಿ ಹೀಲಿಯಂ ಬತ್ತುತ್ತ ಬಂತು, ಇದ್ದದ್ದೆಲ್ಲ ದೊಡ್ಡ ಆಸ್ಪತ್ರೆಗಳ ಸ್ಕ್ಯಾನ್ ಯಂತ್ರಗಳ ಪಾಲಾಯಿತು. ನಮ್ಮ ಕೇಂದ್ರದಲ್ಲಿ ಕೊನೆಯ ಒಂದು ಸಿಲಿಂಡರ್ ಉಳಿದಿತ್ತು. ಕಂದು ಬಣ್ಣದ್ದು. ಆಯುಧಪೂಜೆಯ ಕುಂಕುಮ ಹಚ್ಚಿಸಿಕೊಂಡು, ಗೋಡೆಗೆ ಸರಪಳಿ ಹಾಕಿಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಮೇಲಿನವರ ಆಜ್ಞೆಯಿಲ್ಲದೆ, ಇಲ್ಲವೇ ತೀರ ತುರ್ತು ಎಂದು ಕೇಂದ್ರದ ಡಾಕ್ಟರು ಬರೆದುಕೊಡದೆ ಅದನ್ನು ಮುಟ್ಟುವಂತಿರಲಿಲ್ಲ. ಬರಿಗಾಳಿ ಕೂಡ ಮೊದಲು ದೂರದಿಂದ ಸಿಲಿಂಡರಿನಲ್ಲಿ ಬರುತ್ತಿತ್ತು. ದಾನಿ ಶಾಲೆಗೆ ಸೇರಿದ ವರ್ಷ ಅದೂ ನಿಂತು, ಪ್ರತಿ ಕೇಂದ್ರಕ್ಕೂ ಒಂದು ತೊಳೆಯುವ ಯಂತ್ರ ಕೊಟ್ಟರು. ಹೊರಗಿನ ಗಾಳಿಯನ್ನು ಎಳೆದು, ಒಣಗಿಸಿ, ಇದ್ದಿಲಿನಲ್ಲಿ ಸೋಸಿ ಬರಿಗಾಳಿ ಮಾಡಿಕೊಡುವ ಪೆಟ್ಟಿಗೆ.

ಆ ಸಂಕ್ರಾಂತಿಗೆ ಕಿತ್ತೂರಿನಲ್ಲಿ ನನ್ನ ತಂಗಿಯ ಮಗುವಿನ ತೊಟ್ಟಿಲ ಕಾರ್ಯವಿತ್ತು. ಕಾರ್ಯ ಮುಗಿಸಿ ನಾವು ಹೊರಟಾಗ ದಾನಿ ತೊಟ್ಟಿಲ ಹಗ್ಗ ಹಿಡಿದವಳು ಬಿಡಲಿಲ್ಲ. ಶಾಲೆಗೆ ರಜೆ ಹಾಕಿ, ಮೂರು ವಾರ ಅಲ್ಲೇ ಇದ್ದು, ಒಂದು ಭಾನುವಾರ ಸಂಜೆ ಚಿಕ್ಕಪ್ಪನ ಜೊತೆ ಬಂದಳು. ಮರುದಿನವೇ ಅವಳ ಶಾಲೆಯ ಉಸಿರು ಪರೀಕ್ಷೆ.

ಮೂಗುಬಟ್ಟಲು ಹಾಕಿದೊಡನೆ ಸೀನಿದಳು. ತೆಗೆದು ಒರೆಸಿ ಮತ್ತೆ ಹಾಕಿದೆ. ಮತ್ತೆ ಸೀನಿದಳು.

"ಅವ್ವಾ, ಮೂಗ ಕೆರ್ಯಾಕತ್ತೇತಿ."

"ಒಂದೀಟ ತಡಿ ನನ್ನ ಬಂಗಾರ. ಇನ್ನೇನ ಮುಗೀತು."

ನೆಗಡಿ ಇರಬೇಕು ಅಂದುಕೊಂಡೆ. ಯಂತ್ರ ಗೆರೆ ಎಳೆಯಿತು. ನಡುವೆ ಒಂದು ಕುಳಿ ಬಿತ್ತು. ಪರದೆಯ ಮೂಲೆ ಕೆಂಪಾಯಿತು.

ಎರಡನೆಯ ಸಲವೂ ಅದೇ ಕುಳಿ, ಅದೇ ಜಾಗ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಶಾಹೀನ್ ನದಾಫ್ ನನ್ನ ಪಕ್ಕ ಬಂದು ಕೂತರು. ಅವರು ಈ ಊರಿನವರೇ. ತಂದೆಗೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಅಂಗಡಿ. ಪರದೆಯನ್ನು ಇನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ನೀಲಕ್ಕ, ಕೆಂಪು ಬಿದ್ದರ ನನಗ ಮುಚ್ಚಿಡಾಕ ಬರೂದಿಲ್ರಿ. ತಾನ ಮ್ಯಾಲಿನವರಿಗೆ ಹೋಗಿಬಿಡ್ತೇತಿ."

ನನಗೆ ಗೊತ್ತಿತ್ತು. ಕೆಂಪು ಬಿದ್ದ ಮಗುವನ್ನು ಕಪ್ಪತಗುಡ್ಡದ ಉಸಿರುಧಾಮಕ್ಕೆ ಕಳಿಸಬೇಕು. ಅಲ್ಲಿ ಒಂದು ವರ್ಷ. ತಾಯಿ ತಿಂಗಳಿಗೊಮ್ಮೆ ಹೋಗಿ ನೋಡಬಹುದು. ಒಳ್ಳೆಯ ಜಾಗ, ಒಳ್ಳೆಯ ಗಾಳಿ, ಆಟದ ಬಯಲು. ನಾನೇ ಎಷ್ಟೋ ತಾಯಂದಿರಿಗೆ ಹೇಳಿ ಸಮಾಧಾನ ಮಾಡಿದ್ದೆ. ಅದರ ವಾಹನ ಗುರುವಾರ ಬರುತ್ತಿತ್ತು. ರಾತ್ರಿ ನನ್ನ ಕಿವಿ, ಕಿತ್ತೂರಿನಲ್ಲಾದರೆ ಚಿಕ್ಕಮ್ಮನ ಕಿವಿ, ಹಿಡಿದುಕೊಳ್ಳದೆ ನಿದ್ದೆ ಮಾಡದ ಮಗು ಅದು.

ಆ ದಿನ ಇನ್ನೊಂದು ಮಗುವಿಗೂ ಕೆಂಪು ಬಿತ್ತು. ವಿಜಯಪುರದಿಂದ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನವರ ಮಗ.

ಮನೆಯಲ್ಲಿ ಯಾರೂ ಜೋರಾಗಿ ಅಳಲಿಲ್ಲ. ನನ್ನ ಗಂಡ ಚನ್ನವೀರ ಮಾರುಕಟ್ಟೆಗೆ ಹೋಗದೆ ದಾನಿಯ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತ ಕೂತಿದ್ದ. ಆ ಸೈಕಲ್ಲು ಧಾಮಕ್ಕೆ ಹೋಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಅತ್ತೆ ಮಂಗಳವಾರ ಬೆಳಿಗ್ಗೆಯೇ ಹಂಚು ಇಟ್ಟರು.

"ಅಲ್ಲಿ ಎಂಥಾ ಸಪ್ಪನ್ನ ಊಟ ಕೊಡ್ತಾರೋ ಏನೋ. ಒಂದು ಡಬ್ಬಿ ಶೇಂಗಾ ಹಿಂಡಿ ಮಾಡಿಕೊಡ್ತೀನಿ ಕೂಸಿಗೆ," ಎಂದು ಆ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯತೊಡಗಿದರು.

ನಾನು ಪಕ್ಕದ ಒಲೆಗೆ ರೊಟ್ಟಿ ಬಡಿಯುತ್ತಿದ್ದೆ. ದಾನಿ ಅಜ್ಜಿಯ ಬೆನ್ನಿಗೆ ಒರಗಿ ನಿಂತಿದ್ದವಳು ಸೀನಿದಳು. ಒಂದರ ಹಿಂದೆ ಒಂದು.

"ನೋಡಿಲ್ಲಿ!" ಅತ್ತೆ ಸೌಟು ಕೆಳಗಿಟ್ಟರು. "ಮೂರ ವಾರ ಊರ ಬಿಟ್ಟಿದ್ದಕ್ಕ ಪರಊರಾಕಿ ಆಗಿಬಿಟ್ಟಾಳ. ಹುಟ್ಟಿದಾಗಿಂದ ಒಮ್ಮೆ ಸೀನಿದ್ದಿಲ್ಲ ಇಕಿ."

"ಆಯಿ, ಅವ್ವನ ಮಿಷನ್ನಿನಾಗೂ ಹಿಂಗ ಘಾಟ ಇತ್ತು," ಎಂದಳು ದಾನಿ ಮೂಗು ಉಜ್ಜಿಕೊಳ್ಳುತ್ತ.

"ಎಲ್ಲಿ?" ಅಂದೆ.

"ಮೂಗಿಗೆ ಹಾಕಿದಿಯಲ್ಲ, ಅದರಾಗ."

"ಅದರಾಗ ಬರಿಗಾಳಿ ಬರ್ತೇತಿ, ಚಿನ್ನಿ. ಅದಕ್ಕ ವಾಸನಿ ಇರೂದಿಲ್ಲ."

"ಇತ್ತವ್ವಾ," ಅವಳು ಹಟ ಹಿಡಿದಳು. "ನಮ್ಮ ಮನಿ ವಾಸನಿ."

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಅತ್ತೆ ನನ್ನನ್ನು ಬೈಯಲಿಲ್ಲ. ನನ್ನ ಮುಖ ನೋಡಿ, "ಏನವ್ವಾ?" ಎಂದಷ್ಟೇ ಕೇಳಿದರು.

ಕೇಂದ್ರದ ಬಾಗಿಲು ತೆಗೆದೊಡನೆ ಮೂಗುಬಟ್ಟಲನ್ನು ನಾನೇ ಹಾಕಿಕೊಂಡು ಉಸಿರೆಳೆದೆ. ಏನೂ ಇಲ್ಲ. ಡಾಕ್ಟರಿಗೆ ಕೊಟ್ಟೆ.

"ನನಗಂತೂ ಏನೂ ಬರವಲ್ದು," ಎಂದರು ಅವರು.

"ನಿಮಗ ಹೆಂಗ ಬರ್ತೇತ್ರಿ? ನೀವು ಮೆಣಸಿನಕಾಯಿ ಚೀಲದ ಮ್ಯಾಲೆ ಮಲಗಿ ಬೆಳದಾವರು. ನನಗೂ ಅಷ್ಟ, ಸೀನು ನಿಂತು ಎಷ್ಟೋ ವರ್ಷ ಆತು. ಈ ಕೇಂದ್ರದಾಗ ಮೂಗಿದ್ದಾವರ ಯಾರೂ ಇಲ್ರಿ."

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ನಾನು ಹೇಳಿದೆ: ಹೊರಗಿನ ಗಾಳಿಯಲ್ಲಿ ಸುಗ್ಗಿಯ ಘಾಟಿದೆ. ತೊಳೆಯುವ ಯಂತ್ರದ ಇದ್ದಿಲು ಅದನ್ನು ಕುಡಿದು ಕುಡಿದು ತುಂಬಿಹೋಗಿದ್ದರೆ, ಉಳಿದದ್ದು ಮೂಗುಬಟ್ಟಲಿಗೇ ಬರುತ್ತದೆ. ಊರಿನ ಮಕ್ಕಳ ಮೈಯಲ್ಲಿ ಆ ಅಂಶ ಮೊದಲೇ ತುಂಬಿರುತ್ತದೆ, ಒಳಗೆ ಹೋದಷ್ಟೇ ಹೊರಗೆ ಬರುತ್ತದೆ, ಗೆರೆ ಸಮ. ಆದರೆ ಮೂರು ವಾರ ಕಿತ್ತೂರಿನ ಗಾಳಿ ಕುಡಿದು ಬಂದ ಮಗುವಿನ ಮೈ ಖಾಲಿ. ಒಣಗಿದ ಬಟ್ಟೆ ನೀರು ಹೀರುವ ಹಾಗೆ ಅದು ಘಾಟನ್ನು ಹೀರಿಕೊಳ್ಳುತ್ತದೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅದಕ್ಕೇ ಕುಳಿ.

"ಅಂದ್ರ, ಎಲ್ಲಾರಕಿಂತ ಸ್ವಚ್ಛ ಇದ್ದ ಕೂಸಿಗೆ ಕೆಂಪು ಬಿತ್ತು ಅಂತೀರಿ."

"ಹೌದ್ರಿ."

"ಆದ್ರ ಬರಿಗಾಳಿ ನಾವು ವಾರ ವಾರ ಪರೀಕ್ಷೆ ಮಾಡ್ತೀವಲ್ಲ ನೀಲಕ್ಕ, ಗೆರೆ ಸಮ ಬರ್ತೇತಿ."

"ಅದನ್ನ ಅದಕ್ಕ ಹೋಲಿಸ್ತೀವ್ರಿ. ತಕ್ಕಡಿಯ ಎರಡೂ ತಟ್ಟಿಗೆ ಅದ ಕಲ್ಲ ಇಟ್ಟರ ಸಮ ಬರದ ಏನ ಬರ್ತೇತಿ?"

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ತಾಯಿ ಮಾತಾಡಾಕತ್ತಾಳೋ, ಗಾಳಿ ನೋಡಾಕಿ ಮಾತಾಡಾಕತ್ತಾಳೋ?" ಎಂದು ಮೆಲ್ಲಗೆ ಕೇಳಿದರು.

"ಇಬ್ಬರೂ ಒಂದ ಮಾತ ಹೇಳಾಕತ್ತಾರ್ರಿ. ಯಾರದರ ಕೇಳ್ರಿ."

ಹೋಲಿಸಲು ಬೇರೆ ಗಾಳಿ ಬೇಕಾಗಿತ್ತು. ದೂರದ ಡಿಪೋಕ್ಕೆ ಫೋನ್ ಮಾಡಿದರೆ ಸಿಲಿಂಡರಿಗೆ ತಿಂಗಳಾಗುತ್ತದೆ ಎಂದರು. ಧಾಮದ ವಾಹನವೋ ನಾಡಿದ್ದೇ ಬರುತ್ತಿತ್ತು.

"ಖಾರದ ಪುಡಿ ಪೊಟ್ಟಣ ಕಟ್ಟೋ ಕಾರ್ಖಾನ್ಯಾಗ ಸಾರಜನಕ ಐತಲ್ಲ?" ಡಾಕ್ಟರು ಕೇಳಿದರು. "ನಮ್ಮ ಅಬ್ಬಾಗ ಹೇಳಿದ್ರ ಈಗ ಕಳಸ್ತಾರ."

"ಅವರೂ ನಮ್ಮೂರ ಗಾಳೀನ ಎಳದು ಮಾಡ್ತಾರ್ರಿ. ಮತ್ತ ಅದ ಕಲ್ಲ."

"ವೆಲ್ಡಿಂಗ್ ಅಂಗಡಿ ಆರ್ಗಾನು?"

"ಕಬ್ಬಿಣ ಬೆಸಿಯಾಕ ಸಾಕದು. ನಮಗ ಸಾಲೂದಿಲ್ಲ, ಅದರಾಗ ತ್ಯಾವ ಇರ್ತೇತಿ, ಎಣ್ಣಿ ಪಸಿ ಇರ್ತೇತಿ. ಅದರವ ನಾಲ್ಕ ಗುಡ್ಡ ಬೀಳ್ತಾವು."

"ಹೈಡ್ರೋಜನ್ನು ನೀರಿನಿಂದ ನಾವ ಮಾಡ್ಕೋತೀವಿ. ಅದು ಶುದ್ಧ ಹೌದಿಲ್ಲೋ?"

"ಶುದ್ಧ ಹೌದ್ರಿ. ಆದ್ರ ಕೂಸು ಉಸರಾಡಬೇಕಲ್ಲ? ಆಮ್ಲಜನಕದ ಕೂಡ ಅದನ್ನ ಬೆರಸಿ ಮೂಗಿಗೆ ಹಿಡದರ ಅದು ಉಸರಲ್ಲ, ಪಟಾಕಿ."

ಇಬ್ಬರೂ ಒಟ್ಟಿಗೆ ಮೂಲೆಯ ಕಡೆ ನೋಡಿದೆವು.

ಹೀಲಿಯಂ ಯಾವುದರ ಜೊತೆಗೂ ಸೇರುವುದಿಲ್ಲ, ಸುಡುವುದಿಲ್ಲ, ಮೈಯಲ್ಲಿ ಉಳಿಯುವುದಿಲ್ಲ. ಎಲ್ಲೋ ನೆಲದ ಒಡಲಿನಲ್ಲಿ ಕೋಟಿ ವರ್ಷ ಇದ್ದು ಬಂದದ್ದು. ಯಾವ ಊರಿನ ಉಸಿರನ್ನೂ ಸೇರದ ಗಾಳಿ. ಆಮ್ಲಜನಕವನ್ನು ಪಕ್ಕದ ಆಸ್ಪತ್ರೆಯಿಂದ ತರಬಹುದು. ಅದು ಬೇರೆ ಊರಿನಲ್ಲಿ, ಗಾಳಿಯನ್ನು ದ್ರವವಾಗುವಷ್ಟು ತಣ್ಣಗೆ ಮಾಡಿ ತೆಗೆದದ್ದು. ಉಬ್ಬಸದವರಿಗೆ ಡಾಕ್ಟರುಗಳು ಹಿಂದೆ ಈ ಎರಡನ್ನೂ ಬೆರೆಸಿ ಕೊಡುತ್ತಿದ್ದರಂತೆ.

"ನೀವು ಹೇಳಿದ್ದು ತಪ್ಪಾದ್ರ?" ಡಾಕ್ಟರು ಕೇಳಿದರು. "ಇದು ಮತ್ತ ಸಿಗೂದಿಲ್ಲ. ಯಂತ್ರ ಕೆಟ್ಟರ ಸರಿ ಮಾಡಾಕ ನಮ್ಮ ಹಂತ್ಯಾಕ ಇನ್ನೇನೂ ಇರೂದಿಲ್ಲ. ತಾಲ್ಲೂಕಿನ ಮಕ್ಕಳು ಎಲ್ಲಿಗೆ ಹೋಗಬೇಕು?"

"ಆ ಬ್ಯಾಂಕಿನವರ ಹುಡುಗಗ ಸೀನು ಬಂತೇನು ಕೇಳ್ರಿ," ಎಂದೆ.

ಅವರು ಫೋನ್ ಹಚ್ಚಿದರು. ಆ ಕಡೆಯ ಹೆಣ್ಣುಮಗಳ ಮಾತು ನನಗೂ ಕೇಳಿಸುತ್ತಿತ್ತು. "ಸೀನೇನ್ರಿ ಮೇಡಂ, ನಾವು ಮನಿಮಂದೆಲ್ಲ ಬಂದಾಗಿಂದ ಸೀನಾಕತ್ತೀವಿ. ನಿಮ್ಮ ಆ ಬಟ್ಟಲಾಗಂತೂ ನನ್ನ ಮಗ ಉಸರ ಕಟ್ಟಿದಂಗ ಮಾಡಿದ. ಇದೆಂಥಾ ಊರ್ರಿ ನಿಮ್ಮದು!"

ಡಾಕ್ಟರು ಫೋನ್ ಇಟ್ಟು, ತುರ್ತು ಎಂದು ಬರೆದು ಸಹಿ ಹಾಕಿ, ಸರಪಳಿಯ ಕೀಲಿ ನನ್ನ ಕೈಗೆ ಕೊಟ್ಟರು.

ಹಳೆಯ ರಬ್ಬರ್ ಪೈಪು ಬಿಟ್ಟೆ; ಉಪ್ಪಿನಕಾಯಿಯ ಭರಣಿಯ ಹಾಗೆ ಅದು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ತೊಳೆದು ಕಾಯಿಸಿಟ್ಟಿದ್ದ ತಾಮ್ರದ ಪೈಪು ಜೋಡಿಸಿದೆ. ಮೊದಲ ಗಾಳಿಯನ್ನು ಹೊರಗೆ ಬಿಡಬೇಕು, ಇಲ್ಲದಿದ್ದರೆ ಪೈಪಿನೊಳಗಿನ ಊರ ಗಾಳಿಯೇ ಯಂತ್ರ ಸೇರುತ್ತದೆ. ಅದು ಸುಯ್ಯೆಂದು ಹೋಗುತ್ತಿದ್ದರೆ ಡಾಕ್ಟರು ಕೈ ಹಿಸುಕಿಕೊಂಡರು.

"ಸಾಕ್ರಿ ನೀಲಕ್ಕ. ಮುತ್ತು ಚೆಲ್ಲಿದಂಗ ಆಗಾಕತ್ತೇತಿ."

"ಅಕ್ಕಿ ತೊಳದ ಮೊದಲ ನೀರ್ರಿ ಇದು. ಚೆಲ್ಲಬೇಕು."

ಹೀಲಿಯಮ್ಮಿನ ಗೆರೆ ತಟ್ಟೆಯ ಹಾಗೆ ಸಮವಾಗಿ ಹರಿಯಿತು. ಅದನ್ನೇ 'ಏನೂ ಇಲ್ಲ' ಎಂದು ಯಂತ್ರಕ್ಕೆ ಕಲಿಸಿ, ಆಮೇಲೆ ನಮ್ಮ ಬರಿಗಾಳಿಯನ್ನು ಒಬ್ಬ ರೋಗಿಯ ಉಸಿರು ಕೊಟ್ಟ ಹಾಗೆ ಕೊಟ್ಟೆ. ಗೆರೆ ಸಮವಾಗಿ ಬಂತು, ಬಂತು. ದಾನಿಯ ಕುಳಿ ಬಿದ್ದಿದ್ದ ಜಾಗಕ್ಕೆ ಬಂದಾಗ ಮೇಲೆದ್ದಿತು. ದುಂಡಗಿನ, ದೊಡ್ಡ ಗುಡ್ಡ.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. "ಇದು ನಮ್ಮೂರು," ಎಂದರು.

ಮಧ್ಯಾಹ್ನ ಅತ್ತೆ ದಾನಿಯನ್ನು ಕರೆದುಕೊಂಡು ಬಂದರು. ಹೀಲಿಯಮ್ಮಿಗೆ ಐದರಲ್ಲಿ ಒಂದು ಪಾಲು ಆಮ್ಲಜನಕ ಬೆರೆಸಿ, ಆಸ್ಪತ್ರೆಯ ಚೀಲದಲ್ಲಿ ತುಂಬಿ, ಡಾಕ್ಟರು ಮೊದಲು ತಾವೇ ಉಸಿರಾಡಿ ನೋಡಿ, ಆಮೇಲೆ ಮಗುವಿನ ಮೂಗಿಗೆ ಹಿಡಿದರು. ದಾನಿ ಸೀನಲಿಲ್ಲ. ಆರಾಮಾಗಿ ಕಾಲು ಆಡಿಸುತ್ತ ಉಸಿರಾಡಿದಳು. ನಾನು ಪರದೆಯನ್ನು ನೋಡುವ ಧೈರ್ಯವಿಲ್ಲದೆ ಅವಳ ಕಾಲನ್ನೇ ನೋಡುತ್ತಿದ್ದೆ.

ಬಟ್ಟಲು ತೆಗೆದೊಡನೆ ಅವಳು, "ಅವ್ವಾ, ಮುಗೀತ?" ಎಂದಳು. ಬಂದದ್ದು ಅವಳ ದನಿಯಲ್ಲ, ಗುಬ್ಬಿಮರಿಯ ದನಿ.

"ಯವ್ವಾ! ಕೂಸಿನ ಹೊಟ್ಯಾಗ ಏನ ಹೊಕ್ಕೊಂತು!" ಅತ್ತೆ ಎದ್ದೇಬಿಟ್ಟರು.

"ಆಯಿ, ನನ್ನ ದನಿ ಎಲ್ಲಿ ಹೋತು?" ಎಂದು ಗುಬ್ಬಿ ಕೇಳಿತು. ತನ್ನ ದನಿಗೆ ತಾನೇ ನಕ್ಕಿತು, ಆ ನಗುವೂ ಚಿಂವ್‌ಚಿಂವ್. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಲೇ, ಹಗುರ ಗಾಳಿಯಲ್ಲಿ ದನಿ ಹೀಗಾಗುತ್ತದೆ, ಈಗ ಸರಿಹೋಗುತ್ತದೆ ಎಂದು ಹೇಳಿದರೂ ಅತ್ತೆ ನಂಬಲಿಲ್ಲ. ಚೀಲದಲ್ಲಿ ಉಳಿದಿದ್ದ ಚೂರು ಗಾಳಿಯನ್ನು ತಾವೇ ಎಳೆದುಕೊಂಡು, "ಎಲ್ಲಿ, ನಂದೂ ಆಗ್ತೇತೇನು ನೋಡೂಣು," ಎಂದರು. ಮೊದಲ ಮಾತಿನಿಂದಲೇ ದನಿ ಗುಬ್ಬಿಯದಾಯಿತು. ದಾನಿ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕಳು.

ಆ ನಗುವಿನ ನಡುವೆ ನಾನು ಪರದೆ ನೋಡಿದೆ. ಗೆರೆ ಸಮವಾಗಿತ್ತು. ಮೂಲೆ ಹಸಿರಾಗಿತ್ತು. ಗೋಡೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡೆ. ಅತ್ತೆ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಳಬ್ಯಾಡ," ಎಂದರು, ಇನ್ನೂ ಗುಬ್ಬಿಯ ದನಿಯಲ್ಲೇ. ಅಳು ಹೇಗೆ ನಿಲ್ಲಬೇಕು ಹೇಳಿ.

ಬ್ಯಾಂಕಿನವರ ಮಗನಿಗೂ ಹಸಿರು ಬಂತು. ಗುರುವಾರ ವಾಹನ ನಮ್ಮ ಓಣಿಗೆ ಬರಲಿಲ್ಲ. ಡಾಕ್ಟರೂ ನಾನೂ ಅದೇ ಗಾಳಿಯಲ್ಲಿ ಉಸಿರಾಡಿ ನೋಡಿದೆವು. ಇಬ್ಬರ ಗೆರೆಯಲ್ಲೂ ಗುಡ್ಡ, ನಮ್ಮ ಮೈಯೊಳಗಿನ ಘಾಟಿನದು. ಇದು ಕೆಡುಕೋ ಅಲ್ಲವೋ ಎಂದು ಧಾರವಾಡದ ಪ್ರಯೋಗಾಲಯದವರು ಇನ್ನೂ ನೋಡುತ್ತಿದ್ದಾರೆ. ಈಗ ಕಂಡಮಟ್ಟಿಗೆ ಕೆಡುಕಿಲ್ಲವಂತೆ, ಆದರೂ ಪ್ರತಿ ಸುಗ್ಗಿಯಲ್ಲಿ ಅಳೆಯಬೇಕಂತೆ. ಅಳೆಯಲಿ. ಇದೆ ಎಂದು ಗೊತ್ತಾದ ಮೇಲೆ ಅಳೆಯಬಹುದು. ಸುಗ್ಗಿಯಲ್ಲಿ ಇದ್ದಿಲು ಬೇಗ ಬದಲಿಸಬೇಕೆಂದೂ, ಹೋಲಿಸಲು ಹೊರಗಿನ ಬರಿಗಾಳಿಯ ಒಂದು ಸಿಲಿಂಡರ್ ಸದಾ ಇರಬೇಕೆಂದೂ ಆಜ್ಞೆ ಬಂತು. ಡಾಕ್ಟರು ಅದಕ್ಕೆ ತಮ್ಮದೊಂದು ನಿಯಮ ಸೇರಿಸಿದರು: ಊರಿಗೆ ತೀರ ಹೊಸದಾಗಿ ಬಂದವರು ಸೋಮವಾರ ಮಕ್ಕಳಿಗಿಂತ ಮೊದಲು ಮೂಗುಬಟ್ಟಲನ್ನು ಮೂಸಿ ನೋಡಬೇಕು. ಈಗ ಊರಿನ ಹೊಸ ಸೊಸೆಯಂದಿರು ಸರದಿಯ ಮೇಲೆ ಬರುತ್ತಾರೆ. ಅವರಿಗೆ ಚಹಾ ಕೊಡುತ್ತೇವೆ. ಒಬ್ಬಳ ಸೀನು ನಿಂತರೆ ಇನ್ನೊಂದು ಮದುವೆಗೆ ಕಾಯುತ್ತೇವೆ.

ಧಾರವಾಡದವರು ನನ್ನನ್ನೂ ದಾನಿಯನ್ನೂ ಕರೆಸಿಕೊಂಡು ಕೆಲವು ವಾರ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಮರಳಿ ಬರುವಾಗ ಬಸ್ಸು ನಮ್ಮೂರಿಗೆ ಹತ್ತಿರದ ಮೋಟೆಬೆನ್ನೂರು ದಾಟಿತು. ದಾನಿ ಕಿಟಕಿಯ ಹತ್ತಿರ ಕೂತಿದ್ದಳು. ಮೊದಲು ಅವಳು ಸೀನಿದಳು. ನಗಬೇಕೆಂದು ನಾನು ಬಾಯಿ ತೆಗೆದೆ, ನನಗೂ ಬಂತು. ಆಮೇಲೆ ಇಬ್ಬರಿಗೂ ನಿಲ್ಲಲೇ ಇಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಹೊಸದಾಗಿ ಬರಾಕತ್ತೀರೇನ್ರಿ ನಮ್ಮೂರಿಗೆ?" ಎಂದು ಕೇಳಿದಳು.

ಅತ್ತೆ ಬಾಗಿಲಲ್ಲೇ ಇದ್ದರು. ನಮ್ಮ ಸೀನಿನ ಸದ್ದು ಓಣಿಯ ತುದಿಯಿಂದಲೇ ಕೇಳಿಸಿರಬೇಕು. ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಬಾ ಬಾ, ಹೊಸ ಸೊಸಿ ಬಂದಾಳ. ಕೂಡ ಒಂದು ಮರೀನೂ ತಂದಾಳ."

"ಆಯಿ, ಹೋಳಿಗಿ ಮಾಡಿಯೇನ?" ದಾನಿ ಅವರ ಸೀರೆಯ ನೆರಿಗೆಗೆ ಮೂಗು ಒರೆಸಿದಳು.

"ಮೊದಲ ಸೀನು ನಿಲ್ಲಲಿ. ಪದ್ಧತಿ ಅಂದ್ರ ಪದ್ಧತಿ," ಎಂದರು ಅತ್ತೆ.

ಆದರೆ ಒಳಗಿನಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಆ ದಿನ ನನಗೆ ಮೂಗಿತ್ತು. ಅದರ ಕೂಡ ಬೆಲ್ಲದ್ದು, ಏಲಕ್ಕಿಯದ್ದು, ಎಲ್ಲದರ ಹಿಂದೆ ಮೆಣಸಿನಕಾಯಿಯದ್ದು. ನಮ್ಮ ಮನೆಗೆ ಇಷ್ಟೆಲ್ಲ ವಾಸನೆ ಇದೆಯೆಂದು ನನಗೆ ಮರೆತೇ ಹೋಗಿತ್ತು.